ಆರನೇ ಘಟಕದ ಹಳದಿ ಚೌಕ

ಜನವರಿ 6, ಸೋಮವಾರ

ಆರನೇ ಘಟಕದ ಅನಿಲದ ಅಂಕಿ ಈ ವರ್ಷವೂ ಬಂದಿಲ್ಲ. ಹನ್ನೊಂದು ಕೋಲ್ಡ್ ಸ್ಟೋರೇಜ್ ಘಟಕಗಳಲ್ಲಿ ಹತ್ತರ ನಮೂನೆಗಳು ಪೂರ್ತಿ ಭರ್ತಿಯಾಗಿ ಬಂದಿವೆ. ಆರನೆಯದರಲ್ಲಿ ಡೀಸೆಲ್ ಇದೆ, ವಿದ್ಯುತ್ ಇದೆ, ತಂಪು ಮಾಡುವ ಅನಿಲದ ಚೌಕ ಮಾತ್ರ ಖಾಲಿ. ಬೆಳಿಗ್ಗೆ ಹತ್ತೂಕಾಲಿಗೆ ಇದನ್ನು ತಿಳಿಸಿದವಳು ಪಕ್ಕದ ಮೇಜಿನ ಸೊನ್ನೆ. ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಎಲ್ಲಿ ಖಾಲಿ ಕಂಡರೂ "ಸೊನ್ನೆ ಹಾಕ್ಲಾ ಸಾರ್?" ಎಂದು ಕೇಳುತ್ತಾಳಾದ್ದರಿಂದ ಕಚೇರಿಯಲ್ಲಿ ಅದೇ ಹೆಸರು ಬಿದ್ದಿದೆ. ಅವಳಿಗೇನೂ ಬೇಸರವಿಲ್ಲ.

"ಹಾಕಬೇಡ," ಎಂದೆ. "ಖಾಲಿ ಅಂದ್ರೆ ಗೊತ್ತಿಲ್ಲ ಅಂತ. ಸೊನ್ನೆ ಅಂದ್ರೆ ಗೊತ್ತಿದೆ, ಏನೂ ಸೋರಿಲ್ಲ ಅಂತ. ಎರಡೂ ಒಂದೇನಾ?"

"ಕಂಪ್ಯೂಟರಿಗೆ ಖಾಲಿ ಅಂದ್ರೆ ಆಗಲ್ಲ ಸಾರ್. ಮುಂದಿನ ಪುಟಕ್ಕೇ ಹೋಗಲ್ಲ. ಮುನಿಸ್ಕೊಂಡು ಕೂತ್ಬಿಡುತ್ತೆ."

ವಿಭಾಗದಲ್ಲಿ ನಾವು ಮೂವರು. ನಾನು, ಸೊನ್ನೆ, ನಮ್ಮಿಬ್ಬರ ಮೇಲೆ ಮೇಡಂ. ಕಂಪನಿ ವರ್ಷಕ್ಕೆ ಎಷ್ಟು ಹಸಿರುಮನೆ ಅನಿಲವನ್ನು ಗಾಳಿಗೆ ಬಿಟ್ಟಿತು ಎಂಬ ವರದಿ ತಯಾರಿಸುವುದು ನಮ್ಮ ಕೆಲಸ. ಅದರಲ್ಲೂ ಎಲ್ಲೆಲ್ಲಿ ಅಂಕಿ ತಪ್ಪಿಹೋಗಿದೆ ಎಂದು ಹುಡುಕುವುದು ನನ್ನ ಪಾಲಿಗೆ. ಮಾರ್ಚ್ 28 ಕೊನೆಯ ದಿನ.

ಈ ದಿನಚರಿಗೂ ಅದೇ ನಿಯಮ. ಬರೆಯದ ದಿನ ಖಾಲಿಯಾಗಿಯೇ ಇರಲಿ. ಆಮೇಲೆ ಕೂತು ಅಂದಾಜಿನಲ್ಲಿ ತುಂಬಿಸುವುದಿಲ್ಲ.

ಜನವರಿ 8, ಬುಧವಾರ

ಹಳದಿ ಹೊರಟುಹೋಗಿದೆ. ಹಳೆಯ ವರದಿಗಳನ್ನು ತೆಗೆದು ನೋಡಿದಾಗ ತಿಳಿಯಿತು.

ಐದು ವರ್ಷದ ಹಿಂದೆ ಆರನೇ ಘಟಕದ ಚೌಕ ಮೊದಲ ಸಲ ಖಾಲಿ ಬಂದಾಗ, ಅದರ ಹಿಂದಿನ ವರ್ಷದ ಅಂಕಿಯನ್ನೇ ಅಲ್ಲಿ ಹಾಕಿದೆ. ಇಪ್ಪತ್ತೊಂದು ಕಿಲೋ. ಚೌಕಕ್ಕೆ ಹಳದಿ ಬಳಿದೆ. ಹಳದಿ ಎಂದರೆ ಇದು ಅಳೆದದ್ದಲ್ಲ, ಸದ್ಯದ ವ್ಯವಸ್ಥೆ, ನಿಜವಾದದ್ದು ಬಂದ ಮೇಲೆ ತೆಗೆಯಬೇಕು. ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಮಾಡಿಕೊಂಡ ಉಪಾಯ. ಮರುವರ್ಷವೂ ಖಾಲಿ ಬಂತು. ಮತ್ತೆ ಇಪ್ಪತ್ತೊಂದು, ಮತ್ತೆ ಹಳದಿ.

ಎರಡು ವರ್ಷದ ಹಿಂದೆ ಎಲ್ಲವನ್ನೂ ಹೊಸ ವ್ಯವಸ್ಥೆಗೆ ಏರಿಸಿದರು. ಅದು ಅಂಕಿ ತೆಗೆದುಕೊಳ್ಳುತ್ತದೆ, ಬಣ್ಣ ತೆಗೆದುಕೊಳ್ಳುವುದಿಲ್ಲ. ಈಗ ಐದು ವರ್ಷದ ಸಾಲಿನಲ್ಲಿ ಐದು ಇಪ್ಪತ್ತೊಂದುಗಳು ಉಳಿದ ಅಂಕಿಗಳಷ್ಟೇ ಕಪ್ಪಗೆ, ಗಟ್ಟಿಯಾಗಿ ಕೂತಿವೆ. ಹೊರಗಿನ ಪರಿಶೀಲಕರು ಸಹಿ ಹಾಕಿದ್ದಾರೆ.

"ಐದು ವರ್ಷ ಒಂದೇ ಅಂಕಿ. ಯಾರಿಗೂ ಅನುಮಾನ ಬರ್ಲಿಲ್ವಾ?" ಎಂದೆ.

"ಮೇಲೆ ಕೆಳಗೆ ಹಾರಾಡಿದ್ರೆ ತಾನೆ ಸಾರ್ ಕಣ್ಣಿಗೆ ಬೀಳೋದು," ಎಂದಳು ಸೊನ್ನೆ. "ಇದು ಪಾಪ, ಕೈಕಟ್ಟಿ ಕೂತಿದೆ."

ಜನವರಿ 12, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಭಾವ ಆರನೇ ಘಟಕದ ಮೆಕ್ಯಾನಿಕ್. ಅಲ್ಲಿ ಇಪ್ಪತ್ತೇಳು ವರ್ಷದ ಸೇವೆ, ನಿವೃತ್ತಿಗೆ ಹದಿನಾಲ್ಕು ತಿಂಗಳು. ಅವರಿಗೆ ತಲೆಸುತ್ತು ಬರುತ್ತಿದೆ ಎಂದು ಹೇಳಿದವಳು ಅಕ್ಕ. ಭಾವ ಹೇಳಲಿಲ್ಲ.

"ಕೂತು ಎದ್ರೆ ಗೋಡೆ ಹಿಡ್ಕೋತಾರೆ ಕಣೋ," ಎಂದಳು.

"ಗೋಡೆ ಬೀಳ್ದೇ ಇರ್ಲಿ ಅಂತ ಹಿಡ್ಕೋತೀನಿ ಕಣೇ," ಎಂದರು ಭಾವ.

ಅನಿಲದ ಅಂಕಿ ಯಾಕೆ ಬರುತ್ತಿಲ್ಲ ಎಂದು ನೇರವಾಗಿ ಕೇಳಿದೆ. ಅವರು ಹೇಳಿದ್ದು ಇಷ್ಟು: ಮಿಷನ್ನಿಗೆ ಅನಿಲ ತುಂಬಿಸಿದಾಗಲೆಲ್ಲ ಬರೆಯುವ ರಿಜಿಸ್ಟರ್ ಮುಗಿದು ಐದು ವರ್ಷ ದಾಟಿತು. ಹೊಸದು ಬೇಕೆಂದು ಮೂರು ಸಲ ಬರೆದುಕೊಟ್ಟರು, ಬರಲಿಲ್ಲ. ರಿಜಿಸ್ಟರ್ ಇಲ್ಲದೆ ಮ್ಯಾನೇಜರ್ ಸಹಿ ಮಾಡುವುದಿಲ್ಲ. ಸಹಿ ಇಲ್ಲದ್ದರಿಂದ ಚೌಕ ಖಾಲಿ. ಸಿಲಿಂಡರುಗಳ ಖರೀದಿ 'ಇತರೆ ದುರಸ್ತಿ ಸಾಮಗ್ರಿ' ಎಂಬ ಒಂದೇ ತಲೆಬರಹದಲ್ಲಿ ಮೊಳೆ, ಬಣ್ಣ, ಬೀಗಗಳ ಜೊತೆ ಕಲಸಿಹೋಗಿದೆ. ಅಲ್ಲಿ ಹುಡುಕಿ ಸಿಗುವುದಿಲ್ಲ.

"ಹಾಗಾದ್ರೆ ಲೆಕ್ಕವೇ ಇಲ್ವಾ ಭಾವ?"

"ಇಲ್ದೆ ಏನು? ನಾನಿದೀನಲ್ಲ. ಬಾ ಒಂದಿನ, ತೋರಿಸ್ತೀನಿ."

ಜನವರಿ 17, ಶುಕ್ರವಾರ

ಲೆಕ್ಕ ಸಿಕ್ಕಿತು. ಮಿಷನ್ ಕೋಣೆಯ ಬಾಗಿಲ ಹಿಂಬದಿಯಲ್ಲಿದೆ.

ಕೋಣೆ ನೆಲಮಟ್ಟಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ. ಕಿಟಕಿಯಿಲ್ಲ, ಗಾಳಿ ಎಳೆಯುವ ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದು ಮುರಿದಿದೆ. ಕೊಳವೆಗಳಿಗೆ ಹದಿನೇಳು ಕಡೆ ಕ್ಲಾಂಪು, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಭಾವ ಸೋಪಿನ ನೊರೆ ಹಚ್ಚಿ ತೋರಿಸಿದರು. ಎಂಟು ಕಡೆ ಗುಳ್ಳೆ ಎದ್ದಿತು.

ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಟುಗಳು. ಒಂದು ಸಿಲಿಂಡರಿಗೆ ಒಂದು ಗೀಟು, ನಾಲ್ಕರ ಮೇಲೆ ಅಡ್ಡ ಗೀಟು ಎಳೆದು ಐದು. ವರ್ಷಕ್ಕೊಂದು ಸಾಲು. ಫೋನನ್ನು ಗೇಟಿನಲ್ಲೇ ಇಡಿಸಿಕೊಂಡಿದ್ದರಿಂದ ಫೋಟೊ ತೆಗೆಯಲಾಗಲಿಲ್ಲ. ಎರಡು ಸಲ ಎಣಿಸಿ, ಮನೆಗೆ ಬಂದು ಇಲ್ಲಿ ಬರೆಯುತ್ತಿದ್ದೇನೆ: 9, 14, 19, 26, 31, ಮತ್ತು ಹೋದ ವರ್ಷ 38.

ಒಂದು ಸಿಲಿಂಡರಿನಲ್ಲಿ ಹತ್ತು ಕಿಲೋ. ಸೋರಿಹೋದಷ್ಟನ್ನೇ ಮತ್ತೆ ತುಂಬಿಸುವುದು, ಅಂದರೆ ಹೋದ ವರ್ಷ ಮುನ್ನೂರ ಎಂಬತ್ತು ಕಿಲೋ ಸೋರಿದೆ. ಈ ಅನಿಲದ ಒಂದು ಕಿಲೋ ಸುಮಾರು ನಾಲ್ಕು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಒಟ್ಟು ಒಂದೂವರೆ ಸಾವಿರ ಟನ್. ನಮ್ಮ ವರದಿಯ ಲೆಕ್ಕದಲ್ಲಿ ಎಂಬತ್ತನಾಲ್ಕು ಟನ್.

ಕೊಳವೆ ಬದಲಿಸಿ ಎಂದು ಯಾರನ್ನೂ ಕೇಳಲಿಲ್ಲವೇ ಎಂದೆ. ಭಾವ ನಕ್ಕರು.

"ಮೂರು ವರ್ಷದಿಂದ ಕೇಳ್ತಿದೀನಿ. ಸರದಿ ಪ್ರಕಾರ ಅಂತಾರೆ. ಯಾರು ಜಾಸ್ತಿ ಸೋರ್ತಾರೋ ಅವರಿಗೆ ಮೊದಲು. ನಾವು ಹನ್ನೊಂದರಲ್ಲಿ ಹನ್ನೊಂದನೆಯವರು. ಹೆಡ್ ಆಫೀಸಲ್ಲಿ ಯಾರೋ ಪುಣ್ಯಾತ್ಮ ಇಪ್ಪತ್ತೊಂದು ಕಿಲೋ ಅಂತ ಬರ್ಕೊಂಡಿದಾನಂತೆ. ಸಿಗ್ಲಿ ಕೈಗೆ, ಒಂದು ತುಂಬಿದ ಸಿಲಿಂಡರ್ ಹೊರಿಸಿ ಹತ್ತು ಸುತ್ತು ಓಡಿಸ್ತೀನಿ."

ನಾನೂ ನಕ್ಕೆ. ಆ ಪುಣ್ಯಾತ್ಮ ಯಾರೆಂದು ಹೇಳಲಿಲ್ಲ.

ಹೊರಡುವಾಗ ಅವರು ಕೆಳಗಿನ ವಾಲ್ವ್ ಬಿಗಿ ಮಾಡಲು ಮಂಡಿಯೂರಿದರು. ಈ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಮಡುಗಟ್ಟುತ್ತದೆ. ಎದ್ದವರು ಬಾಗಿಲ ಚೌಕಟ್ಟು ಹಿಡಿದು ಅರ್ಧ ನಿಮಿಷ ನಿಂತರು. ನಾನು ಗಡಿಯಾರ ನೋಡಿದ್ದೆ.

ಜನವರಿ 20, ಸೋಮವಾರ

ಮೇಡಂಗೆ ಎಲ್ಲ ಹೇಳಿದೆ. ಐದು ವರ್ಷದ ಅಂಕಿ ನನ್ನ ಭರ್ತಿ ಎಂಬುದನ್ನೂ ಹೇಳಿದೆನೇ? ಹೇಳಿದೆ, ಆದರೆ 'ಆಗ ವಿಭಾಗದಲ್ಲಿ ಹಾಗೆ ಮಾಡುತ್ತಿದ್ದರು' ಎಂಬ ಮಾತಿನಲ್ಲಿ.

ಮೇಡಂ ಕೆಟ್ಟವರಲ್ಲ. ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿಸಿಕೊಂಡರು.

"ನಾನು ನಂಬ್ತೀನಿ. ಆದ್ರೆ ನಾನು ನಂಬಿದ್ರೆ ಸಾಲದಲ್ಲ. ಹೋದ ಸಲಕ್ಕಿಂತ ಐದನೇ ಒಂದು ಭಾಗ ಜಾಸ್ತಿಯಾದ್ರೆ ದಾಖಲೆ ಲಗತ್ತಿಸಬೇಕು. ನೀವು ಹೇಳ್ತಿರೋದು ಹದಿನೆಂಟು ಪಟ್ಟು. ಮ್ಯಾನೇಜರ್ ಹತ್ರ ಬರೆಸಿಕೊಳ್ಳಿ."

ಮ್ಯಾನೇಜರಿಗೆ ಫೋನ್ ಮಾಡಿದೆ. "ಬಾಗಿಲ ಮೇಲಿನ ಗೀಟಿಗೆ ನಾನು ಸಹಿ ಹಾಕ್ಬೇಕಾ? ನಾಳೆ ಗೋಡೆ ಮೇಲಿನ ಹಲ್ಲಿಗೂ ಹಾಕಿ ಅಂತೀರಿ," ಎಂದರು. ಆಮೇಲೆ ದನಿ ತಗ್ಗಿಸಿ, "ಅಷ್ಟು ಸೋರಿದೆ ಅಂತಾದ್ರೆ ವಿಚಾರಣೆ ಆಗುತ್ತೆ ಸ್ವಾಮಿ. ಮೊದಲು ಕೇಳೋದೇ ಮೆಕ್ಯಾನಿಕ್ ಏನ್ ಮಾಡ್ತಿದ್ದ ಅಂತ. ಅವ್ರು ನಿಮ್ಮ ಭಾವ ಅಲ್ವಾ? ಇನ್ನೊಂದು ವರ್ಷ ಇದೆ, ಮರ್ಯಾದೆಯಾಗಿ ಮನೆಗೆ ಹೋಗ್ಲಿ ಬಿಡಿ."

ಅಂಕಿ ಸರಿ ಮಾಡಿದರೆ ಭಾವನ ಮೇಲೆ ವಿಚಾರಣೆ. ಮಾಡದಿದ್ದರೆ ಭಾವ ಅದೇ ಕೋಣೆಯಲ್ಲಿ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ನೋಡಿದೆ. ಮೂರನೇ ಸಾಲು ಹೊಳೆಯಲಿಲ್ಲ.

ಜನವರಿ 29, ಬುಧವಾರ

ಹೋದ ಸಲದ ವರದಿಯ ಆಧಾರದ ಮೇಲೆ, ಅತಿ ಕಡಿಮೆ ಅನಿಲ ಸೋರಿಕೆಗಾಗಿ ಈ ವರ್ಷದ ಫಲಕ ಆರನೇ ಘಟಕಕ್ಕೆ. ಸುತ್ತೋಲೆ ತಂದುಕೊಟ್ಟವಳು ಸೊನ್ನೆ. "ಸಾರ್, ನಿಮ್ಮ ಇಪ್ಪತ್ತೊಂದಕ್ಕೆ ಪ್ರೈಜ್ ಬಂತು," ಎಂದಳು. ಆಮೇಲೆ ನನ್ನ ಮುಖ ನೋಡಿ ಸುತ್ತೋಲೆಯನ್ನು ಮಗುಚಿಟ್ಟಳು.

ಫೆಬ್ರವರಿ 5, ಬುಧವಾರ

ಮಿಷನ್ ಕೋಣೆಯ ಬಾಗಿಲಿಗೆ ಬಣ್ಣ ಹೊಡೆದಿದ್ದಾರೆ. ಎರಡೂ ಬದಿ. ತಿಳಿ ನೀಲಿ. ಫಲಕ ಕೊಡುವ ಸಮಾರಂಭಕ್ಕೆ ದೊಡ್ಡವರು ಬರುತ್ತಾರೆಂದು ಇಡೀ ಘಟಕಕ್ಕೆ ಬಣ್ಣ. ಭಾವ ಫೋನಿನಲ್ಲಿ ಹೇಳಿದರು.

"ತಡೀಬಾರ್ದಿತ್ತಾ ಭಾವ?"

"ತಡೆದೆ. ಇದು ಲೆಕ್ಕ ಕಣ್ರಪ್ಪಾ ಅಂದೆ. ಬಣ್ಣದವನು, ಅಯ್ಯೋ ಪರ್ವಾಗಿಲ್ಲ, ಎರಡು ಕೋಟ್ ಹೊಡೀತೀನಿ, ಏನೂ ಕಾಣಲ್ಲ ಅಂದ."

ಫೆಬ್ರವರಿ 7, ಶುಕ್ರವಾರ

ಫಲಕ ಸ್ವೀಕರಿಸಿದ್ದು ಭಾವ. ಮ್ಯಾನೇಜರೇ ಮುಂದೆ ತಳ್ಳಿದರು, ಫೋಟೊದಲ್ಲಿ ಕೆಲಸಗಾರ ಇದ್ದರೆ ಚೆನ್ನ ಎಂದು. ಇಸ್ತ್ರಿ ಮಾಡಿದ ಅಂಗಿ, ಕೊರಳಿನ ಗುಂಡಿಯವರೆಗೂ ಹಾಕಿಕೊಂಡಿದ್ದರು. ಅಕ್ಕ ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಅವಳಿಗೆ ಏನೂ ಗೊತ್ತಿಲ್ಲ.

ಎರಡು ಮಾತಾಡಿ ಎಂದರು. ಭಾವ ಮೈಕಿನ ಹತ್ತಿರ ಹೋಗಿ, "ಇದು ಸಾಕಷ್ಟು ಅಗಲ ಇದೆ. ದೊಡ್ಡ ತೂತಿಗೆ ಅಡ್ಡ ಇಡಬಹುದು," ಎಂದರು. ಎಲ್ಲರೂ ನಕ್ಕರು. ತಮಾಷೆಯ ಮನುಷ್ಯ ಎಂದು ಪಕ್ಕದವರು ಹೇಳಿದರು.

ಫೆಬ್ರವರಿ 12, ಬುಧವಾರ

ಭಾವ ಮಿಷನ್ ಕೋಣೆಯಲ್ಲಿ ಬಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಆಲೂಗಡ್ಡೆ ಮೂಟೆ ಇಳಿಸುತ್ತಿದ್ದ ಹಮಾಲಿಯೊಬ್ಬ ಕೆಳಗಿನಿಂದ ಸ್ಪ್ಯಾನರ್ ಸದ್ದು ನಿಂತದ್ದನ್ನು ಗಮನಿಸಿ ಇಳಿದು ನೋಡಿದನಂತೆ. ಎಷ್ಟು ಹೊತ್ತು ಬಿದ್ದಿದ್ದರೋ ಯಾರಿಗೂ ತಿಳಿಯದು. ತಲೆಗೆ ಏಳು ಹೊಲಿಗೆ. ಪ್ರಜ್ಞೆ ಬಂದಿದೆ.

ಫೆಬ್ರವರಿ 13, ಗುರುವಾರ

ಡಾಕ್ಟರ್ ಕೇಳಿದ ಪ್ರಶ್ನೆಗಳು: ಆ ಕೋಣೆಯ ಗಾಳಿಯಲ್ಲಿ ಎಷ್ಟು ಅನಿಲ ಇತ್ತು? ದಿನಕ್ಕೆ ಎಷ್ಟು ಗಂಟೆ ಅಲ್ಲಿರುತ್ತಾರೆ? ತಲೆಸುತ್ತು ಶುರುವಾಗಿ ಎಷ್ಟು ದಿನ?

ಅಕ್ಕ ನನ್ನ ಕಡೆ ತಿರುಗಿದಳು. "ಹೇಳೋ. ನೀನೇ ತಾನೆ ಅದರ ಲೆಕ್ಕ ಇಡೋನು?"

ಡಾಕ್ಟರ್ ಪೆನ್ನು ಹಿಡಿದು ಕಾದರು. ಕಚೇರಿಯ ದಾಖಲೆಯಲ್ಲಿದ್ದ ಅಂಕಿ ಒಂದೇ, ಅದನ್ನು ಬಾಯಲ್ಲಿ ಹೇಳಲಾಗಲಿಲ್ಲ. ಬಾಗಿಲಿನದ್ದನ್ನೂ ಹೇಳಲಿಲ್ಲ. ಹೇಳಿದರೆ ಅದು ಚೀಟಿಯಲ್ಲಿ ಬರುತ್ತದೆ, ಚೀಟಿ ಕಂಪನಿಗೆ ಹೋಗುತ್ತದೆ, ಅಲ್ಲಿ ವಿಚಾರಣೆ. ಗೊತ್ತಿಲ್ಲ ಎಂದೆ. ಅವರು ಆ ಸಾಲು ಖಾಲಿ ಬಿಟ್ಟು ಮುಂದಿನದಕ್ಕೆ ಹೋದರು.

ಖಾಲಿ ಬಿಡಲು ಅವರಿಗೆ ಅನುಮತಿ ಇದೆ.

ಫೆಬ್ರವರಿ 15, ಶನಿವಾರ

ಅಕ್ಕ ಮನೆಗೆ ಹೋಗಿ ಬರುವಷ್ಟು ಹೊತ್ತು ಭಾವನ ಮಂಚದ ಪಕ್ಕ ನಾನಿದ್ದೆ. ಕಿತ್ತಳೆ ಸುಲಿಯುತ್ತ, ಹೇಳಿಬಿಡೋಣ ಎಂದು ನಾಲ್ಕು ಸಲ ಬಾಯಿ ತೆರೆದೆ.

"ಭಾವ, ಆ ಇಪ್ಪತ್ತೊಂದು..."

"ಗೊತ್ತು ಬಿಡು."

"ಏನು ಗೊತ್ತು?"

"ಮೊದಲನೇ ವರ್ಷ ಆ ನಮೂನೆ ಒಂದು ಪ್ರತಿ ನಮಗೆ ವಾಪಸ್ ಬಂದಿತ್ತಲ್ಲ. ಹಳದಿ ಚೌಕ, ಪಕ್ಕದಲ್ಲಿ ಪೆನ್ಸಿಲಲ್ಲಿ 'ಹಿಂದಿನ ವರ್ಷದಂತೆ' ಅಂತ. ನಮ್ಮ ಮದುವೆ ಕಾಗದಕ್ಕೆಲ್ಲ ವಿಳಾಸ ಬರೆದವನು ನೀನು. ಮುನ್ನೂರು ಕವರು. ಆ 'ಷ' ನನಗೆ ಗೊತ್ತಾಗಲ್ವಾ?"

"ಮತ್ತೆ ಅವತ್ತು ಸಿಲಿಂಡರ್ ಹೊರಿಸ್ತೀನಿ ಅಂದ್ರಿ..."

"ಹೊರಿಸ್ತಿದ್ದೆ, ನೀನಾಗಿ ಒಪ್ಕೊಂಡಿದ್ರೆ." ಒಂದು ತೊಳೆ ಬಾಯಿಗೆ ಹಾಕಿಕೊಂಡರು. "ಹುಳಿ ಇದೆ. ಆ ರಿಜಿಸ್ಟರ್ ಕಳಿಸಿದ್ರೆ ಮುಗೀತಿತ್ತಲ್ಲಯ್ಯಾ. ಇಷ್ಟು ಅಗಲದ್ದು ಒಂದು ಪುಸ್ತಕ."

ಮೂರು ಸಲ ಅವರು ಬರೆದುಕೊಟ್ಟ ಬೇಡಿಕೆ ನಮ್ಮ ಕಚೇರಿಗೇ ಬಂದಿರಬೇಕು. ಯಾವ ಮೇಜಿಗೆ ಬಂತೋ ಗೊತ್ತಿಲ್ಲ. ಹುಡುಕಿಲ್ಲ.

ಫೆಬ್ರವರಿ 16ರಿಂದ 25

ಎಂದಿನಂತೆ. ಬೆಳಿಗ್ಗೆ ಆಸ್ಪತ್ರೆ, ಆಮೇಲೆ ಕಚೇರಿ. 20ರಂದು ಭಾವ ಮನೆಗೆ ಬಂದರು. 20 ಅಥವಾ 21.

ಫೆಬ್ರವರಿ 26, ಬುಧವಾರ

ಬಾಗಿಲ ಲೆಕ್ಕ ಎಲ್ಲಾದರೂ ಬರೆದುಕೊಂಡಿದ್ದೀರಾ ಎಂದು ಮೇಡಂ ಕರೆದು ಕೇಳಿದರು. ಭಾವ ಬಿದ್ದ ಸುದ್ದಿ ಕೇಳಿದಾಗಿನಿಂದ ಅವರಿಗೂ ಸಮಾಧಾನವಿಲ್ಲ.

"ನನ್ನ ದಿನಚರಿಯಲ್ಲಿ ಇದೆ ಮೇಡಂ. ಅದೇ ದಿನ ಬರೆದದ್ದು, ತಾರೀಖು ಸಮೇತ."

ಅವರ ಮುಖ ಅರಳಿತು. "ಕೊಡಿ ಹಾಗಾದ್ರೆ. ಅದೇ ದಿನ ಬರೆದ ಟಿಪ್ಪಣಿ ಅಂದ್ರೆ ಪರಿಶೀಲಕರು ಒಪ್ಪಿದರೂ ಒಪ್ಪಬಹುದು. ಆದ್ರೆ ಇಡೀ ಪುಸ್ತಕ ಕೊಡಬೇಕು. ಹರಿದ ಪುಟ ತೊಗೊಳ್ಳಲ್ಲ."

ಇಡೀ ಪುಸ್ತಕ ಎಂದರೆ ಜನವರಿ 8 ಸಹ. ಹಳದಿ ನನ್ನದೇ ಉಪಾಯ ಎಂದು ನನ್ನದೇ ಅಕ್ಷರದಲ್ಲಿ. ಮ್ಯಾನೇಜರ್ ಹೇಳಿದ್ದು, ಡಾಕ್ಟರಿಗೆ ನಾನು ಹೇಳದೆ ಹೋದದ್ದು, ಭಾವನಿಗೆ ಎಲ್ಲ ಗೊತ್ತಿದ್ದೂ ಸುಮ್ಮನಿದ್ದದ್ದು. ಅವರೂ ಸಿಕ್ಕಿಕೊಳ್ಳುತ್ತಾರೆ, ನಾನೂ.

"ಹುಡುಕಿ ತರ್ತೀನಿ ಮೇಡಂ," ಎಂದೆ. ಪುಸ್ತಕ ಚೀಲದಲ್ಲೇ ಇತ್ತು.

ಮಾರ್ಚ್ 4, ಮಂಗಳವಾರ

ಅಪಘಾತದ ವಿಚಾರಣೆ ಮುಗಿದಿದೆ. ವರದಿಯ ಪ್ರತಿ ನಮ್ಮ ವಿಭಾಗಕ್ಕೂ ಬಂತು. ಕಾರಣ: ವಯಸ್ಸಿಗೆ ಸಹಜವಾದ ರಕ್ತದೊತ್ತಡ. ಅನಿಲ ಕಾರಣವಿರಬಹುದೇ ಎಂಬ ಪ್ರಶ್ನೆಗೆ ಉತ್ತರ: 'ಸದರಿ ಘಟಕದ ವಾರ್ಷಿಕ ಸೋರಿಕೆ ಕೇವಲ 21 ಕಿಲೋ ಇದ್ದು, ಐದು ವರ್ಷಗಳಿಂದ ಸ್ಥಿರವಾಗಿರುವುದರಿಂದ ಆ ಸಾಧ್ಯತೆ ಇಲ್ಲ.'

ಕೆಳಗೆ ಆಧಾರ ಎಂದು ನಮ್ಮ ವರದಿಯ ಪುಟಸಂಖ್ಯೆ. ಪುಟಸಂಖ್ಯೆ ಸರಿಯಾಗಿದೆ, ತಾಳೆ ನೋಡಿದೆ.

ಮಾರ್ಚ್ 5ರಿಂದ 19

ಎಂದಿನಂತೆ.

ಮಾರ್ಚ್ 20, ಗುರುವಾರ

ಅಕ್ಕ ಕಚೇರಿಗೇ ಬಂದಿದ್ದಳು. ಕೆಳಗೆ ಗೇಟಿನ ಹತ್ತಿರ ನಿಂತು ಮಾತಾಡಿದೆವು. ಕೆಲಸದಿಂದಾದ ಪೆಟ್ಟಲ್ಲ ಎಂದ ಮೇಲೆ ರಜೆ ಮುಂದುವರಿಸುವುದಿಲ್ಲವಂತೆ. ಸೋಮವಾರ, 31ಕ್ಕೆ, ಭಾವ ವಾಪಸ್ ಹೋಗಬೇಕು. ಅದೇ ಕೋಣೆಗೆ.

"ನೀನು ಹೇಳಿದ್ರೆ ಕೇಳಲ್ವೇನೋ? ಇಷ್ಟು ವರ್ಷ ಆ ಆಫೀಸಲ್ಲಿ ಕೂತಿದೀಯ."

"ಪ್ರಯತ್ನ ನಡೀತಿದೆ ಅಕ್ಕ. ಈಗ ವರದಿ ಕೊನೆ ಹಂತದಲ್ಲಿದೆ."

"ನನ್ ಹತ್ರನೂ ಆಫೀಸ್ ಮಾತಾಡ್ಬೇಡ," ಎಂದಳು. ಬಸ್ಸು ಬಂತು, ಹತ್ತಿದಳು. ಕಿಟಕಿಯಿಂದ ನೋಡಲಿಲ್ಲ.

ಅವಳಿಗೆ ಪ್ರಕ್ರಿಯೆ ಅರ್ಥವಾಗುವುದಿಲ್ಲ.

ಮಾರ್ಚ್ 28, ಶುಕ್ರವಾರ

ವರದಿ ಸಂಜೆ 4.40ಕ್ಕೆ ಸಲ್ಲಿಕೆಯಾಯಿತು. ಗಡುವಿಗೆ ಇಪ್ಪತ್ತು ನಿಮಿಷ ಮೊದಲು. ರಸೀದಿ ಸಂಖ್ಯೆ ಬರೆದುಕೊಂಡವಳು ಸೊನ್ನೆ.

ಮೂರೂವರೆಗೆ ಆರನೇ ಘಟಕದ ಚೌಕದಲ್ಲಿ 380 ಎಂದು ಹೊಡೆದೆ. ಪರದೆ ಕೆಂಪಾಗಿ ದಾಖಲೆ ಕೇಳಿತು. ಮತ್ತೊಮ್ಮೆ ಹೊಡೆದೆ. ಮತ್ತೆ ಕೇಳಿತು. ಅಳಿಸಿ ಖಾಲಿ ಬಿಟ್ಟೆ. ಮುಂದಕ್ಕೆ ಹೋಗಲಿಲ್ಲ.

"ಇನ್ನು ಒಂದೂವರೆ ಗಂಟೆ ಇದೆ ಸಾರ್," ಎಂದಳು ಸೊನ್ನೆ. ಆಮೇಲೆ ಒಂದು ಗಂಟೆ ಎಂದಳು. ಆಮೇಲೆ ಕುರ್ಚಿ ನನ್ನ ಕಡೆ ತಿರುಗಿಸಿ ಕೂತಳು.

ಮೇಡಂ ಬಂದು ಹಿಂದೆ ನಿಂತರು. "ಆ ಪುಸ್ತಕ ಸಿಕ್ತಾ?"

"ಇಲ್ಲ ಮೇಡಂ."

"ಹಾಗಾದ್ರೆ ಸದ್ಯಕ್ಕೆ ಹೋದ ವರ್ಷದ್ದೇ ಹಾಕಿ. ಮುಂದಿನ ವರ್ಷ ಸರಿಮಾಡೋಣ."

ಅದೇ ಅಂಕಿಯನ್ನು ಆರನೇ ಸಲ ಹಾಕಲು ಮನಸ್ಸು ಒಪ್ಪಲಿಲ್ಲ. 23 ಎಂದು ಹಾಕಿದೆ. ಐದನೇ ಒಂದು ಭಾಗಕ್ಕಿಂತ ಕಡಿಮೆ ಹೆಚ್ಚಳವಾದ್ದರಿಂದ ಪರದೆ ಏನೂ ಕೇಳಲಿಲ್ಲ. ಒಂದೇ ಅಂಕಿ ಐದು ವರ್ಷ ಕೂತಿದ್ದರೆ ಯಾರೋ ತುಂಬಿಸಿದ್ದು ಎನಿಸುತ್ತದೆ. 23 ಎಂದರೆ ಅಳೆದ ಹಾಗೆ ಕಾಣುತ್ತದೆ. ಅಲ್ಲದೆ ಏರಿಕೆ ಇದೆ ಎಂಬುದಾದರೂ ಈಗ ದಾಖಲೆಯಲ್ಲಿ ಬಂತು. ಇಷ್ಟು ವರ್ಷದಲ್ಲಿ ಆ ಸಾಲಿನಲ್ಲಿ ಆದ ಮೊದಲ ತಿದ್ದುಪಡಿ.

ಸೊನ್ನೆ ಪರದೆ ನೋಡಿದಳು. "ಇದೆಲ್ಲಿಂದ ಬಂತು ಸಾರ್, ಇಪ್ಪತ್ತಮೂರು?" ಎಂದಳು.

"ಘಟಕದಿಂದ," ಎಂದೆ.

ಹೊಸ ಅಂಕಿಯ ಮೇಲೆ ಕೊಳವೆ ಬದಲಾವಣೆಯ ಸರದಿಪಟ್ಟಿ ತಾನಾಗಿಯೇ ಬದಲಾಯಿತು. ಏಳನೇ ಘಟಕದ್ದು 22 ಕಿಲೋ. ಆರನೇ ಘಟಕ ಹನ್ನೊಂದರಿಂದ ಹತ್ತನೇ ಸ್ಥಾನಕ್ಕೆ ಬಂದಿದೆ. ವರ್ಷಕ್ಕೆ ಎರಡು ಘಟಕಗಳ ಕೊಳವೆ ಬದಲಿಸುತ್ತಾರೆ.

ಭಾವ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಕೆಲಸಕ್ಕೆ ಹಾಜರಾಗಬೇಕು.